ಚಕ್ರ ನೆಲ ಬಿಟ್ಟಾಗ: ಮನೆಯ ಸೈಕಲ್ಲಿಗೆ ರಿಪೇರಿ ಸ್ಟ್ಯಾಂಡ್ ಆರಿಸುವ ಬಗೆ

ಸೈಕಲ್ಲಿನ ಒಂದು ಚಕ್ರವನ್ನೋ ಎರಡನ್ನೂ ಒಟ್ಟಿಗೋ ನೆಲದಿಂದ ಎತ್ತಿ, ಅಲುಗದಂತೆ ಹಿಡಿದುಕೊಳ್ಳುವ ಸಾಧನವೇ ರಿಪೇರಿ ಸ್ಟ್ಯಾಂಡ್. ಬೇಕಾದಾಗ ಬಿಡಿಸಿ ನಿಲ್ಲಿಸಿ, ಕೆಲಸ ಮುಗಿದ ಮೇಲೆ ಮಡಚಿ ಬಾಗಿಲ ಹಿಂದೆಯೋ ಮಂಚದ ಕೆಳಗೋ ಇಡಬಹುದಾದ ಸ್ಟ್ಯಾಂಡಿಗೆ ಪೋರ್ಟಬಲ್ ಸ್ಟ್ಯಾಂಡ್ ಎನ್ನುತ್ತಾರೆ. ಮನೆಯಲ್ಲೇ ಸೈಕಲ್ ನೋಡಿಕೊಳ್ಳುವವರಿಗೆ ಸ್ಪ್ಯಾನರ್, ಪಂಪು, ಎಣ್ಣೆ ಡಬ್ಬಿಗಳ ನಂತರ ಬೇಕಾಗುವುದು ಇದೇ. ಆದರೆ ಎಲ್ಲ ಸ್ಟ್ಯಾಂಡೂ ಎಲ್ಲ ಸೈಕಲ್ಲಿಗೆ ಒಗ್ಗುವುದಿಲ್ಲ. ಸೈಕಲ್ಲಿನ ತೂಕ, ಅದರ ಕಟ್ಟು, ಮನೆಯ ನೆಲ, ಮಾಡುವ ಕೆಲಸ ಈ ನಾಲ್ಕನ್ನು ನೋಡಿ ಆರಿಸಿದರೆ ಕಡಿಮೆ ಬೆಲೆಯದೂ ವರ್ಷಗಟ್ಟಲೆ ಬಾಳುತ್ತದೆ. ಅವನ್ನು ನೋಡದೆ ಕೊಂಡರೆ ದುಬಾರಿಯದೂ ಸೈಕಲ್ ಸಮೇತ ಮಗುಚಿಕೊಳ್ಳುತ್ತದೆ.

ಚಕ್ರವನ್ನು ಏಕೆ ಎತ್ತಬೇಕು

ಸೈಕಲ್ಲಿನ ಬಹುತೇಕ ದೋಷಗಳು ಕಾಣಿಸಿಕೊಳ್ಳುವುದು ಚಕ್ರ ತಿರುಗುವಾಗ. ರಿಮ್ಮಿನ ಬೆಂಡು, ಚೈನಿನ ಗಟ್ಟಿಯಾದ ಕೊಂಡಿ, ಫ್ರೀವೀಲಿನ ಸವೆದ ಹಲ್ಲು, ಹಬ್ಬಿನೊಳಗಿನ ಒಣಗಿದ ಗ್ರೀಸು, ಇವೆಲ್ಲ ಗೋಡೆಗೆ ಒರಗಿ ನಿಂತ ಸೈಕಲ್ಲಿನಲ್ಲಿ ಅಡಗಿಯೇ ಇರುತ್ತವೆ. ಹಿಂದಿನ ಚಕ್ರ ನೆಲ ಬಿಟ್ಟು ಪೆಡಲ್ ಸುತ್ತತೊಡಗಿದ ಕೂಡಲೇ ಕಣ್ಣು, ಕಿವಿ, ಬೆರಳು ಮೂರಕ್ಕೂ ಸಿಕ್ಕಿಬೀಳುತ್ತವೆ.

ಬೆಂಡು ತೆಗೆಯುವ ಕೆಲಸವನ್ನೇ ನೋಡಬಹುದು. ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾ, ಫೋರ್ಕಿಗೆ ಕೈಯೂರಿ ಹಿಡಿದ ಸೀಮೆಸುಣ್ಣದ ತುದಿಯನ್ನು ರಿಮ್ಮಿನ ಬದಿಗೆ ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಿಸಬೇಕು. ಸರಿಯಾಗಿರುವ ಭಾಗ ಸೀಮೆಸುಣ್ಣವನ್ನು ಮುಟ್ಟದೆ ಹಾದುಹೋಗುತ್ತದೆ, ಬೆಂಡಾದ ಭಾಗ ತಾನೇ ಬಿಳಿ ಗುರುತು ಬರೆದುಕೊಳ್ಳುತ್ತದೆ. ಗುರುತು ಬಿದ್ದ ಕಡೆ ಎದುರು ಬದಿಯ ಕಡ್ಡಿಗಳನ್ನು ನಿಪ್ಪಲ್ ತಿರುವಿ ಕಾಲು ಸುತ್ತು ಬಿಗಿ ಮಾಡಿದರೆ ರಿಮ್ಮು ಅತ್ತ ಸರಿಯುತ್ತದೆ. ಸೈಕಲ್ ಒಂದಿಷ್ಟು ಓಲಾಡಿದರೂ ಸೀಮೆಸುಣ್ಣ ಸುಳ್ಳು ಗುರುತು ಹಾಕುವುದರಿಂದ, ಈ ಕೆಲಸಕ್ಕೆ ಸೈಕಲ್ ಅಲುಗದೆ ನಿಲ್ಲಲೇಬೇಕು.

ಚೈನಿನ ಸವೆತವನ್ನೂ ಹೀಗೆಯೇ ಅಳೆಯಬಹುದು. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಅಂತರ. 24 ಕೊಂಡಿಗಳಿಗೆ ಸರಿಯಾಗಿ 12 ಇಂಚು. ಅದೇ 24 ಕೊಂಡಿಗಳು 12 ಇಂಚನ್ನು ದಾಟಿ ಇಂಚಿನ ಹದಿನಾರನೇ ಒಂದು ಭಾಗದಷ್ಟು ಮುಂದೆ ಹೋಗಿದ್ದರೆ ಚೈನು ಬದಲಿಸುವ ಕಾಲ ಬಂದಿದೆ. ಚಕ್ರ ಎತ್ತಿದ್ದರೆ ಪೆಡಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿ ನಾಲ್ಕೈದು ಕಡೆ ಅಳೆದು ನೋಡುವುದು ಸುಲಭ.

ನಂಜನಗೂಡು, ತಿ. ನರಸೀಪುರದ ಸೈಕಲ್ಲುಗಳು

ಎಷ್ಟು ಸಲ ಚಕ್ರ ಎತ್ತಬೇಕಾಗುತ್ತದೆ ಎಂಬುದು ಊರಿನ ದಾರಿಗಳ ಮೇಲೂ ನಿಂತಿದೆ. ಇದಕ್ಕೊಂದು ಉದಾಹರಣೆ ನಂಜನಗೂಡಿನ ಸೀಮೆ. ಕಬಿನಿ ಎಂದೂ ಕರೆಯುವ ಕಪಿಲೆಯ ದಡದ ನಂಜನಗೂಡು, ಕಾವೇರಿ–ಕಪಿಲೆಯರ ಸಂಗಮದ ತಿರುಮಕೂಡಲು ನರಸೀಪುರ, ಇವೆರಡೂ ನಾಲೆ ನೀರಾವರಿಯ ತಾಲ್ಲೂಕುಗಳು. ಭತ್ತ, ಕಬ್ಬಿನ ಗದ್ದೆಗಳ ನಡುವಿನ ನಾಲೆ ಏರಿಯ ದಾರಿಯಲ್ಲಿ ಸೈಕಲ್ಲಿಗೆ ಮಳೆಗಾಲದಲ್ಲಿ ಕೆಸರು ಮೆತ್ತುತ್ತದೆ, ಬೇಸಗೆಯಲ್ಲಿ ದೂಳು ಹಿಡಿಯುತ್ತದೆ. ತಲಕಾಡಿನ ಕಡೆ ಹೊಳೆಯ ಮರಳೂ ಸೇರಿಕೊಳ್ಳುತ್ತದೆ. ಮರಳಿನಲ್ಲಿರುವ ಬೆಣಚು ಉಕ್ಕನ್ನೂ ಉಜ್ಜಿ ಸವೆಸುವಷ್ಟು ಗಟ್ಟಿ. ಚೈನಿನ ಎಣ್ಣೆಯೊಂದಿಗೆ ಅದು ಬೆರೆತರೆ ಪ್ರತಿ ಸುತ್ತಿನಲ್ಲೂ ಪಿನ್ನು, ಹಲ್ಲುಗಳನ್ನು ಅರೆಯುತ್ತಾ ಹೋಗುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ಕಪಿಲೆ ನುಗ್ಗಿತ್ತು. ಅಂಥ ನೀರಿನಲ್ಲಿ ಮುಳುಗಿದ ಸೈಕಲ್ಲಿನ ಹಬ್ಬು, ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ (ಬಿ.ಬಿ.)ಗಳೊಳಗೆ ಗ್ರೀಸು ತೊಳೆದುಹೋಗಿ ಹೂಳು ಕೂರುತ್ತದೆ. ಬಿಚ್ಚಿ ಓವರ್‌ಹಾಲ್ ಮಾಡದೆ ಗತ್ಯಂತರವಿಲ್ಲ. ಹೀಗೆ ಈ ಸೀಮೆಯಲ್ಲಿ ಸೈಕಲ್ಲಿಗೆ ಆಗಾಗ ಕೈಯಾಡಿಸಬೇಕಾಗುತ್ತದೆ.

ಇಲ್ಲಿನ ಮನೆಗಳ ಸೈಕಲ್ಲುಗಳನ್ನು ಮೂರು ಬಗೆಯಾಗಿ ನೋಡಬಹುದು. ಮೊದಲನೆಯದು ಹುಲ್ಲಿನ ಹೊರೆ, ಹಾಲಿನ ಕ್ಯಾನು ಹೊರುವ ಹಳೆಯ ಕಬ್ಬಿಣದ ಸೈಕಲ್: 28 ಇಂಚಿನ ಚಕ್ರ, ರಾಡ್ ಬ್ರೇಕು, ಗಟ್ಟಿ ಕ್ಯಾರಿಯರ್. ತೂಕ ಸುಮಾರು 20ರಿಂದ 22 ಕೆ.ಜಿ. ಎರಡನೆಯದು ಶಾಲೆಯ ಮಕ್ಕಳದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುತ್ತಿದ್ದ ರಾಜ್ಯ ಸರ್ಕಾರದ ಯೋಜನೆ 2006–07ರಲ್ಲಿ ಶುರುವಾದ ಮೇಲೆ ಹಳ್ಳಿಹಳ್ಳಿಗೂ ಇವು ತಲುಪಿದವು. ಹೆಣ್ಣುಮಕ್ಕಳ ಸೈಕಲ್ಲಿನಲ್ಲಿ ಮೇಲಿನ ಬಾರ್ ಇರುವುದಿಲ್ಲ. ಮೂರನೆಯದು ಗೇರ್ ಸೈಕಲ್: ಸಾಮಾನ್ಯವಾಗಿ 14ರಿಂದ 17 ಕೆ.ಜಿ., ಕೆಲವಕ್ಕೆ ಡಿಸ್ಕ್ ಬ್ರೇಕು. ಗೇರು ಹೊಂದಿಸುವಾಗ ಒಂದು ಕೈ ಪೆಡಲಿನ ಮೇಲೆ, ಇನ್ನೊಂದು ಕೈ ಗೇರಿನ ಗುಂಡಿಯ ಮೇಲಿರಬೇಕಾದ್ದರಿಂದ, ಸ್ಟ್ಯಾಂಡಿನ ಅಗತ್ಯ ಅತಿ ಹೆಚ್ಚಾಗಿರುವುದು ಈ ಮೂರನೆಯದಕ್ಕೆ.

ಹಳೆಯ ಸೈಕಲ್ಲಿಗೆ ಹುಟ್ಟಿನಿಂದಲೇ ಒಂದು ರಿಪೇರಿ ಸ್ಟ್ಯಾಂಡ್ ಇದೆ. ಹಿಂದಿನ ಆಕ್ಸಲಿಗೆ ಜೋಡಿಸಿದ ಡಬಲ್ ಸ್ಟ್ಯಾಂಡನ್ನು ಕಾಲಿನಿಂದ ಒತ್ತಿ ಸೈಕಲ್ಲನ್ನು ಹಿಂದಕ್ಕೆಳೆದರೆ ಹಿಂದಿನ ಚಕ್ರ ನೆಲ ಬಿಟ್ಟು ನಿಲ್ಲುತ್ತದೆ. ಹಿಂದಿನ ಚಕ್ರದ ಬೆಂಡು, ಚೈನು, ಫ್ರೀವೀಲ್ ಇಷ್ಟಕ್ಕೂ ಅದೇ ಸಾಕು. ಕಳಚುವ ಕೆಲಸ ಬಂದಾಗ ಸೈಕಲ್ ಶಾಪಿನವರು ಸೈಕಲ್ಲನ್ನು ತಲೆಕೆಳಗು ಮಾಡಿ ಸೀಟು, ಹ್ಯಾಂಡಲ್ ಮೇಲೆ ನಿಲ್ಲಿಸುತ್ತಾರೆ. ಇಲ್ಲವೇ ಮಾಡಿನ ತೊಲೆಯಿಂದ ಇಳಿಬಿಟ್ಟ ಕೊಕ್ಕೆಗಳಿಗೆ ತೂಗುಹಾಕುತ್ತಾರೆ. ಪಂಕ್ಚರ್ ಹಾಕಲು ತಲೆಕೆಳಗು ಮಾಡುವುದರಲ್ಲಿ ತಪ್ಪಿಲ್ಲ. ಗೇರ್ ಸೈಕಲ್ಲಿಗೆ ಮಾತ್ರ ಅದು ಒಗ್ಗುವುದಿಲ್ಲ: ಗೇರಿನ ಗುಂಡಿಗಳು ಹ್ಯಾಂಡಲ್ ಜೊತೆ ನೆಲ ಸೇರುತ್ತವೆ, ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಕಣ್ಣಿಗೆ ಉಲ್ಟಾ ಕಾಣುತ್ತದೆ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕಿದ್ದರೆ, ಅದರ ಡಬ್ಬಿಯಲ್ಲಿರುವ ಗಾಳಿಗುಳ್ಳೆ ನಳಿಗೆ ನುಗ್ಗಿ ಬ್ರೇಕು ಮೆತ್ತಗಾಗಬಹುದು.

ಸ್ಟ್ಯಾಂಡುಗಳಲ್ಲಿ ನಾಲ್ಕು ಬಗೆ

ಅಂಗಡಿಗಳಲ್ಲಿ ಸಿಗುವ ಸ್ಟ್ಯಾಂಡುಗಳನ್ನು, ಅವು ಸೈಕಲ್ಲನ್ನು ಎಲ್ಲಿ ಹಿಡಿಯುತ್ತವೆ ಎಂಬುದರ ಮೇಲೆ ವಿಂಗಡಿಸಬಹುದು.

ಮೊದಲನೆಯದು ಹಿಂದಿನ ಚಕ್ರ ಎತ್ತುವ ಕೊಕ್ಕೆ ಸ್ಟ್ಯಾಂಡ್. ಹಿಂದಿನ ಆಕ್ಸಲ್ ಬಳಿ ಕೂಡುವ ಎರಡು ಪೈಪುಗಳನ್ನು ಇದರ ಕೊಕ್ಕೆಗಳು ಹಿಡಿದು, ಚಕ್ರವನ್ನು ನೆಲದಿಂದ ಒಂದಿಷ್ಟು ಎತ್ತಿ ನಿಲ್ಲಿಸುತ್ತವೆ. ಮುಂದಿನ ಚಕ್ರ ನೆಲದ ಮೇಲೇ ಇರುತ್ತದೆ. ಹಗುರ, ಅಗ್ಗ. ಚೈನು ತೊಳೆಯಲು, ಗೇರು ಹೊಂದಿಸಲು ಸಾಕು. ಕ್ಯಾರಿಯರಿನ ಕಡ್ಡಿ, ಮಡ್‌ಗಾರ್ಡಿನ ತಂತಿ, ಡಬಲ್ ಸ್ಟ್ಯಾಂಡ್ ಇರುವ ಸೈಕಲ್ಲಿನಲ್ಲಿ ಕೊಕ್ಕೆಗೆ ಜಾಗ ಸಿಗುವುದು ಕಷ್ಟ.

ಎರಡನೆಯದು ಕ್ಲಾಂಪ್ ಸ್ಟ್ಯಾಂಡ್. ಮಡಚುವ ಕಾಲುಗಳ ಮೇಲೆ ಒಂದು ಕಂಬ, ಕಂಬದ ತುದಿಯಲ್ಲಿ ಅಡ್ಡ ತೋಳು, ತೋಳಿನ ಕೊನೆಯಲ್ಲಿ ರಬ್ಬರ್ ಹಾಸಿದ ಎರಡು ದವಡೆ. ದವಡೆಗಳು ಸೀಟ್ ಪೋಸ್ಟನ್ನು ಕಚ್ಚಿಕೊಂಡು ಇಡೀ ಸೈಕಲ್ಲನ್ನು ಗಾಳಿಯಲ್ಲಿ ಹಿಡಿಯುತ್ತವೆ. ಎರಡೂ ಚಕ್ರ ಬಿಡುವಾಗುವುದರಿಂದ ಬಹುತೇಕ ಎಲ್ಲ ಕೆಲಸಕ್ಕೂ ಇದು ಒದಗುತ್ತದೆ. ಅಮೆರಿಕದ ಮಿನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ರಿಪೇರಿ ಅಂಗಡಿ ನಡೆಸುತ್ತಿದ್ದ ಹೊವಾರ್ಡ್ ಹಾಕಿನ್ಸ್ ಮತ್ತು ಆರ್ಟ್ ಎಂಗ್‌ಸ್ಟ್ರಾಮ್ ಬಗ್ಗಿ ಮಂಡಿಯೂರಿ ಕೆಲಸ ಮಾಡಿ ಬೇಸತ್ತು 1963ರಲ್ಲಿ ತಮಗಾಗಿ ಒಂದು ಸ್ಟ್ಯಾಂಡ್ ಮಾಡಿಕೊಂಡರು. ಸೈಕಲ್ ಉಪಕರಣಗಳಿಗೆ ಹೆಸರಾದ ಪಾರ್ಕ್ ಟೂಲ್ ಕಂಪನಿ ಶುರುವಾದದ್ದು ಆ ಸ್ಟ್ಯಾಂಡಿನಿಂದ.

ಮೂರನೆಯದು ರೇಸ್ ಸ್ಟ್ಯಾಂಡ್. ಇದರಲ್ಲಿ ಒಂದು ಚಕ್ರ ಕಳಚಿ, ಫೋರ್ಕಿನ ತುದಿಯನ್ನೋ ಹಿಂಬದಿಯ ತುದಿಯನ್ನೋ ಸ್ಟ್ಯಾಂಡಿಗೆ ಬಿಗಿದು, ಬಿ.ಬಿ.ಯನ್ನು ಕೆಳಗಿನಿಂದ ಆನಿಸುತ್ತಾರೆ. ಪೈಪನ್ನು ಯಾವುದೂ ಕಚ್ಚದ ಕಾರಣ ಕಾರ್ಬನ್ ಸೈಕಲ್ಲಿಗೆ ಇದು ಬಹು ಸುರಕ್ಷಿತ. ಚಕ್ರ ಕಳಚಲು ಪ್ರತಿ ಸಲವೂ ನಟ್ಟು ಬಿಚ್ಚಿ ಮಡ್‌ಗಾರ್ಡ್ ಕಡ್ಡಿ ಸರಿಸಬೇಕಾದ ಹಳೆಯ ಸೈಕಲ್ಲಿಗೆ ಇದು ಆಗಿಬರುವುದಿಲ್ಲ.

ನಾಲ್ಕನೆಯದು ಗೋಡೆಗೆ ಬಡಿದ ತೋಳು ಅಥವಾ ತೊಲೆಗೆ ಕಟ್ಟಿದ ಹಗ್ಗ. ಇವನ್ನು ಹೊತ್ತೊಯ್ಯಲಾಗದು, ಆದರೆ ಕಾಲುಗಳೇ ಇಲ್ಲದ್ದರಿಂದ ಮಗುಚುವ ಪ್ರಶ್ನೆಯೂ ಇಲ್ಲ. ಗಟ್ಟಿ ತೊಲೆಯಿರುವ ಹೆಂಚಿನ ಮನೆಯಲ್ಲಿ ಸೀಟಿನ ಕೆಳಗೊಂದು, ಹ್ಯಾಂಡಲಿಗೊಂದು ಹಗ್ಗ ಹಾಕಿ ಭಾರದ ಸೈಕಲ್ಲನ್ನೂ ತೂಗುಹಾಕಬಹುದು. ತೂಗಾಡುವುದೇ ಇದರ ಕೊರತೆ. ಮುಂದಿನ ಚಕ್ರವನ್ನು ಗೋಡೆಗೆ ತಾಗುವಂತೆ ಕಟ್ಟಿದರೆ ಅದು ಬಹಳ ಮಟ್ಟಿಗೆ ತಗ್ಗುತ್ತದೆ.

ಮಗುಚುವುದರ ಲೆಕ್ಕ

ಕ್ಲಾಂಪ್ ಸ್ಟ್ಯಾಂಡ್ ಕೊಳ್ಳುವವರು ಮೊದಲು ತಿಳಿಯಬೇಕಾದದ್ದು ಅದರ ಕಾಲುಗಳ ವಿಷಯ. ಮೂರು ಕಾಲಿನ ಸ್ಟ್ಯಾಂಡ್ ಒಲೆಯ ಮೂರು ಗುಂಡುಗಳಂತೆ ಯಾವ ನೆಲದ ಮೇಲೂ ಕುಂಟದೆ ಕೂರುತ್ತದೆ, ಏಕೆಂದರೆ ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ಆದರೆ ಕುಂಟದಿರುವುದೇ ಬೇರೆ, ಬೀಳದಿರುವುದೇ ಬೇರೆ. ಸೈಕಲ್ ಮತ್ತು ಸ್ಟ್ಯಾಂಡ್ ಎರಡರ ಒಟ್ಟು ಗುರುತ್ವಕೇಂದ್ರದಿಂದ ನೇರ ಕೆಳಗೆ ಎಳೆದ ಗೆರೆ, ಕಾಲುಗಳ ತುದಿ ಸೇರಿಸಿದ ತ್ರಿಕೋನದ ಒಳಗೆ ಬೀಳುವವರೆಗೆ ಮಾತ್ರ ಸ್ಟ್ಯಾಂಡ್ ನಿಂತಿರುತ್ತದೆ.

ಒಂದು ಉದಾಹರಣೆ. ಸ್ಟ್ಯಾಂಡಿನ ತೂಕ 6 ಕೆ.ಜಿ., ಕಂಬದ ಬುಡದಿಂದ ಪ್ರತಿ ಕಾಲಿನ ತುದಿಗೆ 50 ಸೆಂ.ಮೀ. ತೋಳಿನ ಉದ್ದದಿಂದಾಗಿ 15 ಕೆ.ಜಿ.ಯ ಸೈಕಲ್ಲಿನ ಗುರುತ್ವಕೇಂದ್ರ ಕಂಬದಿಂದ 30 ಸೆಂ.ಮೀ. ಆಚೆ ಇದೆ ಎಂದಿಟ್ಟುಕೊಂಡರೆ, ಎರಡರ ಒಟ್ಟು ಕೇಂದ್ರ ಕಂಬದಿಂದ 15 × 30 ÷ 21, ಅಂದರೆ ಸುಮಾರು 21.4 ಸೆಂ.ಮೀ. ದೂರದಲ್ಲಿರುತ್ತದೆ. ಸಮಬಾಹು ತ್ರಿಕೋನದಲ್ಲಿ ನಡುವಿನಿಂದ ಮೂಲೆಗೆ ಇರುವ ದೂರದ ಅರ್ಧದಷ್ಟೇ ದೂರ ನಡುವಿನಿಂದ ಬದಿಗೆ. ಇಲ್ಲಿ ಮೂಲೆಗೆ 50, ಬದಿಗೆ 25. ಸೈಕಲ್ ಎರಡು ಕಾಲುಗಳ ನಡುವಿನ ಸಂದಿನ ಮೇಲೆ ಬಂದರೆ ಬೀಳಲು ಉಳಿಯುವ ಅಂತರ ಬರೀ 3.6 ಸೆಂ.ಮೀ. ಅದೇ ಸ್ಟ್ಯಾಂಡನ್ನು ತಿರುಗಿಸಿ ಒಂದು ಕಾಲು ಸೈಕಲ್ಲಿನ ಅಡಿಗೆ ಬರುವಂತೆ ಮಾಡಿದರೆ, ಅತಿ ಹತ್ತಿರದ ಬದಿಯೂ 14.3 ಸೆಂ.ಮೀ. ದೂರ ಹೋಗುತ್ತದೆ. ಬಿಡಿಕಾಸಿನ ಖರ್ಚಿಲ್ಲದೆ ಭದ್ರತೆ ನಾಲ್ಕು ಪಟ್ಟು ಹೆಚ್ಚಿತು. ಸೈಕಲ್ಲಿನ ಗುರುತ್ವಕೇಂದ್ರ ಹೆಚ್ಚು ಕಡಿಮೆ ಪೆಡಲುಗಳ ಮೇಲ್ಭಾಗದಲ್ಲಿರುವ ಕಾರಣ, ಒಂದು ಕಾಲು ಪೆಡಲಿನ ಕೆಳಗೆ ಬರುವಂತೆ ಸ್ಟ್ಯಾಂಡ್ ನಿಲ್ಲಿಸಬೇಕು ಎಂಬುದನ್ನು ನಿಯಮವಾಗಿಟ್ಟುಕೊಳ್ಳಬಹುದು.

ಇದೇ ಸ್ಟ್ಯಾಂಡಿಗೆ 22 ಕೆ.ಜಿ.ಯ ಹಳೆಯ ಸೈಕಲ್ ಹಾಕಿದರೆ ಒಟ್ಟು ಕೇಂದ್ರ 23.6 ಸೆಂ.ಮೀ.ಗೆ ಸರಿಯುತ್ತದೆ. ಕಾಲುಗಳ ಸಂದಿನ ಮೇಲೆ ಬಂದರೆ ಉಳಿಯುವುದು 1.4 ಸೆಂ.ಮೀ. ಮಾತ್ರ. ಕೈ ತುಸು ಜೋರಾಗಿ ತಾಗಿದರೂ ಬಿದ್ದೀತು. ಕಂಬದ ಬುಡಕ್ಕೆ 10 ಲೀಟರ್ ನೀರು ತುಂಬಿದ ಕ್ಯಾನೊಂದನ್ನು ಕಟ್ಟಿದರೆ 10 ಕೆ.ಜಿ. ಸೇರಿ, ಒಟ್ಟು ಕೇಂದ್ರ 17.4 ಸೆಂ.ಮೀ.ಗೆ ಹಿಂದೆ ಬರುತ್ತದೆ. ಹಗುರ ಸ್ಟ್ಯಾಂಡಿನಲ್ಲಿ ಭಾರದ ಸೈಕಲ್ ಹಾಕಲೇಬೇಕಾದರೆ ಇದು ಒಳ್ಳೆಯ ಉಪಾಯ.

ಕೈಯ ಎಳೆತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 15 ಕೆ.ಜಿ.ಯ ಸೈಕಲ್ಲಿಗೆ ಕಾಲನ್ನು ಸರಿಯಾಗಿ ನಿಲ್ಲಿಸಿ 14.3 ಸೆಂ.ಮೀ. ಅಂತರ ಗಳಿಸಿದಾಗಲೂ, ನೆಲದಿಂದ 1 ಮೀಟರ್ ಎತ್ತರದಲ್ಲಿ ಪಕ್ಕಕ್ಕೆ ಸುಮಾರು 3 ಕೆ.ಜಿ. ಬಲದಿಂದ ಎಳೆದರೆ ಸ್ಟ್ಯಾಂಡ್ ಏಳತೊಡಗುತ್ತದೆ. ಮಗುವೊಂದು ಹ್ಯಾಂಡಲ್ ಹಿಡಿದು ಜಗ್ಗಿದರೂ ಸಾಕು. ಕಾಲುಗಳ ಹರವು ಹೆಚ್ಚಿದಷ್ಟೂ ಈ ಅಪಾಯ ಕಡಿಮೆ. ಆದ್ದರಿಂದ ಸ್ಟ್ಯಾಂಡಿನ ಎತ್ತರಕ್ಕಿಂತ, ಬಣ್ಣಕ್ಕಿಂತ ಮೊದಲು ಕಾಲುಗಳ ಹರವನ್ನು ಟೇಪು ಹಿಡಿದು ಅಳೆಯಬೇಕು.

ದವಡೆಯ ಹಿಡಿತ

ಸೀಟ್ ಪೋಸ್ಟನ್ನು ಹಿಡಿದು ಎತ್ತಿದ ಸೈಕಲ್ ಮುಂದಕ್ಕೆ ಬಾಗುತ್ತದೆ, ಏಕೆಂದರೆ ಅದರ ತೂಕದ ಕೇಂದ್ರ ಹಿಡಿದ ಜಾಗಕ್ಕಿಂತ ಮುಂದಿದೆ. ಆ ಅಂತರ 20 ಸೆಂ.ಮೀ. ಇದ್ದು ಸೈಕಲ್ 15 ಕೆ.ಜಿ. ಇದ್ದರೆ, 6 ಸೆಂ.ಮೀ. ಉದ್ದದ ದವಡೆಯ ಎರಡು ತುದಿಗಳಲ್ಲಿ 15 × 20 ÷ 6, ಅಂದರೆ 50 ಕೆ.ಜಿ.ಯಷ್ಟು ಒತ್ತಡ ಪೈಪಿನ ಮೇಲೆ ಬೀಳುತ್ತದೆ. ದವಡೆ ಉದ್ದವಾದಷ್ಟೂ ಈ ಒತ್ತಡ ಹಂಚಿಹೋಗುತ್ತದೆ. ಕಂಬದ ತಲೆಯನ್ನು ಸಡಿಲಿಸಿ ಸೈಕಲ್ಲಿನ ಮೂತಿ ಕೆಳಗಿಳಿಯಲು ಬಿಟ್ಟರೆ, ಗುರುತ್ವಕೇಂದ್ರ ದವಡೆಯ ನೇರ ಕೆಳಗೆ ಬಂದು ತಿರುಗುಬಲವೇ ಇಲ್ಲವಾಗುತ್ತದೆ. ಹೆಚ್ಚು ಹೊತ್ತಿನ ಕೆಲಸಕ್ಕೆ ಈ ಓರೆ ನಿಲುವು ಒಳ್ಳೆಯದು. ಹಿಂದಿನ ಚಕ್ರ ಕಳಚುವ ಮೊದಲು ಮಾತ್ರ ಮುಂಭಾಗವನ್ನು ಕೈಯಲ್ಲಿ ಹಿಡಿದಿರಬೇಕು. ಆ ಚಕ್ರ ಹೊರಬಂದ ಗಳಿಗೆಯಲ್ಲೇ ತೂಕ ಇನ್ನಷ್ಟು ಮುಂದಕ್ಕೆ ಜಾರುತ್ತದೆ.

ಅಲ್ಯೂಮಿನಿಯಂ ಫ್ರೇಮಿನ ಪೈಪು ನಡುಭಾಗದಲ್ಲಿ ತೆಳುವಾಗಿರುವುದುಂಟು. ಕಾರ್ಬನ್ ಪೈಪು ಸುತ್ತಲಿನ ಒತ್ತಡಕ್ಕೆ ಬಿರುಕು ಬಿಡಬಹುದು. ಈ ಎರಡರಲ್ಲೂ ಫ್ರೇಮನ್ನು ಹಿಡಿಯದೆ ಸೀಟ್ ಪೋಸ್ಟನ್ನೇ ಹಿಡಿಯಬೇಕು. ಹಳೆಯ ಕಬ್ಬಿಣದ ಸೈಕಲ್ಲಿನ ಸೀಟು ಬಹುಮಟ್ಟಿಗೆ ತಗ್ಗಿರುವುದರಿಂದ ಪೋಸ್ಟಿನಲ್ಲಿ ದವಡೆಗೆ ಜಾಗವೇ ಸಿಗುವುದಿಲ್ಲ. ಸೀಟನ್ನು ಗುರುತು ಮಾಡಿ ಏರಿಸಿಕೊಳ್ಳಬಹುದು, ಇಲ್ಲವೇ ದಪ್ಪ ಉಕ್ಕಿನ ಸೀಟ್ ಪೈಪಿಗೆ ಬಟ್ಟೆ ಸುತ್ತಿ ಹಿಡಿಯಬಹುದು. ಬ್ರೇಕಿನ ರಾಡು, ಕೇಬಲ್ಲುಗಳು ದವಡೆಗೆ ಸಿಕ್ಕದಂತೆ ನೋಡಿಕೊಳ್ಳಬೇಕು.

ದವಡೆ ಬಿಗಿಯುವ ವಿಧಾನ ಎರಡು. ತಿರುಪು ತಿರುಗಿಸಿ ಬಿಗಿಯುವುದು ನಿಧಾನ, ಆದರೆ ಎಷ್ಟು ಬಿಗಿಯಾಯಿತೆಂಬುದು ಕೈಗೆ ತಿಳಿಯುತ್ತದೆ, ಕೆಟ್ಟರೆ ಸರಿಪಡಿಸುವುದೂ ಸುಲಭ. ಲಿವರ್ ಒತ್ತಿ ಬಿಗಿಯುವುದು ಚುರುಕು. ಒಬ್ಬರೇ ಒಂದು ಕೈಯಲ್ಲಿ ಸೈಕಲ್ ಎತ್ತಿ ಹಿಡಿಯುವಾಗ ಇದು ಅನುಕೂಲ, ಆದರೆ ತೆಳು ಪೈಪನ್ನು ಅರಿಯದೆ ಅಮುಕಿಬಿಡುವ ಸಾಧ್ಯತೆ ಹೆಚ್ಚು.

ಎತ್ತರ, ಜಾಗ, ನೆಲ

ನಿಂತು ಕೆಲಸ ಮಾಡುವವರಿಗೆ ಕೆಲಸದ ಜಾಗ ಮೊಣಕೈ ಮಟ್ಟದ ಆಸುಪಾಸಿನಲ್ಲಿರಬೇಕು. ಐದೂವರೆ ಅಡಿ ಎತ್ತರದವರಿಗೆ ಅದು ನೆಲದಿಂದ ಸುಮಾರು 1 ಮೀಟರ್. ಕಂಬ ಮೇಲೆ ಕೆಳಗೆ ಸರಿಯುವಂತಿದ್ದರೆ ಹಬ್ಬು, ಬ್ರೇಕು, ಹ್ಯಾಂಡಲ್ ಯಾವುದನ್ನು ಬೇಕಾದರೂ ಆ ಮಟ್ಟಕ್ಕೆ ತರಬಹುದು. ಕುಕ್ಕರಗಾಲಿನಲ್ಲಿ ಅಥವಾ ಮಣೆಯ ಮೇಲೆ ಕೂತು ಕೆಲಸ ಮಾಡುವ ರೂಢಿಯವರಿಗೆ ಎತ್ತರದ ಕಂಬ ಬೇಕಿಲ್ಲ. ಅವರು ಕಂಬ ಎಷ್ಟು ತಗ್ಗುತ್ತದೆ ಎಂಬುದನ್ನೇ ನೋಡಬೇಕು. ತಗ್ಗಿದ ಸ್ಟ್ಯಾಂಡ್ ಸುಲಭವಾಗಿ ಬೀಳುವುದೂ ಇಲ್ಲ.

ಸೈಕಲ್ಲಿನ ಉದ್ದ 6 ಅಡಿಗಿಂತ ತುಸು ಕಡಿಮೆಯೋ ಹೆಚ್ಚೋ ಇರುತ್ತದೆ. ಅದರ ಸುತ್ತ ಓಡಾಡಲು 7 ಅಡಿ ಚದರದಷ್ಟಾದರೂ ಜಾಗ ಬೇಕು. ಕಿರಿದಾದ ಜಗಲಿಯಲ್ಲಿ ಇಷ್ಟು ಸಿಗದಿದ್ದರೆ ಹಿತ್ತಿಲೇ ಗತಿ. ಗಾರೆ ನೆಲ, ಕಡಪ ಕಲ್ಲು, ಸಿಮೆಂಟು ಇದ್ದರೆ ಸ್ಟ್ಯಾಂಡ್ ಸರಿಯಾಗಿ ಕೂರುತ್ತದೆ. ನುಣ್ಣನೆಯ ನೆಲದಲ್ಲಿ ಕಾಲುಗಳು ಜಾರದಂತೆ ರಬ್ಬರ್ ಟೋಪಿ ಬೇಕು. ನೀರು ಕುಡಿದ ಎರೆಮಣ್ಣಿನಲ್ಲೂ ಸಡಿಲ ಮರಳಿನಲ್ಲೂ ಭಾರ ಹೊತ್ತ ಕಾಲು ಹೂತುಹೋಗಿ ಸ್ಟ್ಯಾಂಡ್ ಅತ್ತ ವಾಲುತ್ತದೆ. ಪ್ರತಿ ಕಾಲಿನ ಕೆಳಗೂ ಹಲಗೆಯ ತುಂಡು ಅಥವಾ ಚಪ್ಪಟೆ ಕಲ್ಲಿಟ್ಟರೆ ಭಾರ ಹರಡಿ, ಹೂಳುವುದು ನಿಲ್ಲುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು

ಮನೆಯ ಅತಿ ಭಾರದ ಸೈಕಲ್ಲನ್ನು ಮೊದಲು ತೂಗಬೇಕು. ಸೈಕಲ್ ಎತ್ತಿ ಹಿಡಿದು ತೂಕದ ಯಂತ್ರದ ಮೇಲೆ ನಿಂತಾಗ ಬರುವ ತೂಕದಲ್ಲಿ ಬರಿಯ ಮೈತೂಕ ಕಳೆದರೆ ಉತ್ತರ ಸಿಗುತ್ತದೆ. ಸ್ಟ್ಯಾಂಡ್ ತಾಳುವ ತೂಕ ಎಂದು ಬರೆದದ್ದು ಅದಕ್ಕಿಂತ ಕನಿಷ್ಠ ಮೂರನೇ ಒಂದು ಭಾಗ ಹೆಚ್ಚಿರುವುದು ಒಳ್ಳೆಯದು: 15 ಕೆ.ಜಿ.ಗೆ 20, 22 ಕೆ.ಜಿ.ಗೆ 30. ಬ್ಯಾಟರಿ ಇರುವ ಇ–ಸೈಕಲ್ಲಾದರೆ ಬ್ಯಾಟರಿ ತೆಗೆದಿಟ್ಟು ಎತ್ತಬೇಕು.

ಅಂಗಡಿಯಲ್ಲಿ ಸ್ಟ್ಯಾಂಡನ್ನು ಪೂರ್ತಿ ಬಿಡಿಸಿ ನಿಲ್ಲಿಸಿ, ತೋಳಿನ ತುದಿಯನ್ನು ಹಿಡಿದು ಕೆಳಕ್ಕೆ ಒತ್ತಬೇಕು, ಆಮೇಲೆ ತಿರುಚಬೇಕು. ಕಂಬ ಜಾರಿದರೆ, ತಲೆ ತಿರುಗಿದರೆ, ಕಾಲುಗಳ ಕೀಲು ಕಿರುಗುಟ್ಟಿದರೆ ಅದು ಬೇಡ. ಕೀಲು, ಹಿಡಿಗಳು ಪ್ಲಾಸ್ಟಿಕ್ಕಿನವಾದರೆ ಬಿಸಿಲಿಗೆ ಒಡ್ಡಿದಂತೆಲ್ಲ ಪೆಡಸಾಗಿ ಸೀಳುತ್ತವೆ. ಭಾರ ಬೀಳುವ ಜಾಗದಲ್ಲಾದರೂ ಲೋಹವಿರಬೇಕು. ಉಕ್ಕಿನ ಸ್ಟ್ಯಾಂಡ್ ಅಗ್ಗ, ಭಾರ, ತುಕ್ಕು ಹಿಡಿಯುತ್ತದೆ. ಆದರೆ ಭಾರವೇ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಮುರಿದರೆ ಊರಿನ ವೆಲ್ಡಿಂಗ್ ಶಾಪಿನಲ್ಲೇ ಬೆಸೆಯಬಹುದು. ಅಲ್ಯೂಮಿನಿಯಂ ಹಗುರ, ಕೆಂಪು ತುಕ್ಕಿಲ್ಲ, ಬೆಲೆ ಹೆಚ್ಚು. ಸೈಕಲ್ ಯಾತ್ರೆಗೆಂದು ಕಾರಿನಲ್ಲಿ ಒಯ್ಯುವವರಿಗೆ ಅಲ್ಯೂಮಿನಿಯಂ, ಮನೆ ಬಿಟ್ಟು ಕದಲದ ಸ್ಟ್ಯಾಂಡಿಗೆ ಉಕ್ಕು ಎಂದು ನಿರ್ಧರಿಸಬಹುದು. ದವಡೆಯ ರಬ್ಬರ್ ಬೇಗ ಸವೆಯುವ ಭಾಗ. ಅದು ಬಿಡಿಯಾಗಿ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಮನೆಯಲ್ಲಿರುವುದು ಡಬಲ್ ಸ್ಟ್ಯಾಂಡಿನ ಹಳೆಯ ಸೈಕಲ್ ಒಂದೇ ಆಗಿದ್ದರೆ ಹೊಸದೇನೂ ಕೊಳ್ಳಬೇಕಿಲ್ಲ, ಮುಂದಿನ ಚಕ್ರಕ್ಕಾಗಿ ತೊಲೆಗೆ ಒಂದು ಹಗ್ಗ ಸಾಕು. ಕ್ಯಾರಿಯರ್ ಇಲ್ಲದ ಗೇರ್ ಸೈಕಲ್ ಒಂದಿದ್ದು ಚೈನು, ಗೇರು ಮಾತ್ರ ನೋಡಿಕೊಳ್ಳುವುದಾದರೆ ಕೊಕ್ಕೆ ಸ್ಟ್ಯಾಂಡ್ ಸಾಕಾಗುತ್ತದೆ. ಶಾಲೆಯ ಸೈಕಲ್, ಗೇರ್ ಸೈಕಲ್ ಎಲ್ಲ ಸೇರಿ ಎರಡು ಮೂರಿದ್ದು ಓವರ್‌ಹಾಲ್ ಕೂಡ ಮನೆಯಲ್ಲೇ ಆಗುವುದಿದ್ದರೆ, ಹರವಾದ ಕಾಲುಗಳ ಕ್ಲಾಂಪ್ ಸ್ಟ್ಯಾಂಡಿಗೆ ಹಾಕಿದ ಹಣ ವ್ಯರ್ಥವಲ್ಲ.

ಬಳಕೆ ಮತ್ತು ಜೋಪಾನ

ಭಾರಿ ಬಲ ಬೇಡುವ ಕೆಲಸಗಳನ್ನು ಸ್ಟ್ಯಾಂಡಿನ ಮೇಲೆ ಮಾಡಬಾರದು. ಪೆಡಲ್ ಬಿಗಿಯಲು ಸುಮಾರು 35 ನ್ಯೂಟನ್–ಮೀಟರ್ ತಿರುಗುಬಲ ಬೇಕು. 15 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ ಅದು 24 ಕೆ.ಜಿ.ಯಷ್ಟು ಒತ್ತಡ. ತುಕ್ಕು ಹಿಡಿದ ಪೆಡಲ್, ಕಾಟರ್ ಪಿನ್, ಬಿ.ಬಿ. ಕಪ್ಪು ಬಿಚ್ಚಲು ಇನ್ನೂ ಹೆಚ್ಚು ಬೇಕಾಗಬಹುದು. ಇವುಗಳ ಮೊದಲ ಬಿಗಿಯನ್ನು ಸೈಕಲ್ ನೆಲದ ಮೇಲಿರುವಾಗಲೇ ಬಿಡಿಸಿ, ಕೊನೆಯ ಬಿಗಿಯನ್ನೂ ನೆಲದ ಮೇಲೆಯೇ ಕೊಡಬೇಕು. ನಡುವಿನ ಕೆಲಸವಷ್ಟೇ ಸ್ಟ್ಯಾಂಡಿನದು. ಚಕ್ರ ಜೋರಾಗಿ ತಿರುಗುವಾಗ ಚೈನು, ಕಡ್ಡಿಗಳ ಹತ್ತಿರ ಬೆರಳು, ಸೆರಗು, ದುಪಟ್ಟಾ, ಪಂಚೆಯ ಅಂಚು ಬರದಂತೆ ಎಚ್ಚರ ವಹಿಸಬೇಕು. ಸೈಕಲ್ ಸ್ಟ್ಯಾಂಡಿನಲ್ಲಿರುವಷ್ಟು ಹೊತ್ತೂ ಚಿಕ್ಕ ಮಕ್ಕಳನ್ನು ದೂರವಿಡಬೇಕು.

ಕೆಲಸ ಮುಗಿದ ಮೇಲೆ ದವಡೆಯ ರಬ್ಬರಿಗೆ ಅಂಟಿದ ಎಣ್ಣೆ, ಮರಳನ್ನು ಸೋಪಿನ ನೀರಿನಿಂದ ಒರೆಸಬೇಕು. ಎಣ್ಣೆಯಿದ್ದರೆ ಹಿಡಿತ ಜಾರುತ್ತದೆ, ಮರಳಿದ್ದರೆ ಪೈಪಿನ ಬಣ್ಣ ಗೀರುತ್ತದೆ. ದವಡೆಯ ತಿರುಪಿಗೆ, ಕಾಲುಗಳ ಕೀಲಿಗೆ ಒಂದೊಂದು ತೊಟ್ಟು ಎಣ್ಣೆ ಸಾಕು. ಕಂಬದ ಎತ್ತರವನ್ನು ಹಿಡಿದು ನಿಲ್ಲಿಸುವ ಪಟ್ಟಿಗೆ ಎಣ್ಣೆ ತಾಗಕೂಡದು. ಮಳೆಗಾಲಕ್ಕೆ ಮುಂಚೆ ಎಲ್ಲ ಬೋಲ್ಟುಗಳನ್ನು ಬಿಗಿಮಾಡಿ, ಉಕ್ಕಿನ ಭಾಗದಲ್ಲಿ ಬಣ್ಣ ಎದ್ದಿದ್ದರೆ ಮತ್ತೆ ಹಚ್ಚಿ, ಸ್ಟ್ಯಾಂಡನ್ನು ಮಡಚಿ ಒಣ ಜಾಗದಲ್ಲಿ ಇಡಬೇಕು.